ವಾಲ್ವಿನ ಪೆಟ್ಟಿಗೆಗೆ ಬೆಲೆ ಕಟ್ಟುವಾಗ

ಅಚೌರ್ಯಾಣುವ್ರತದ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ತಕ್ಕಡಿ, ಅಳತೆ, ಬಡ್ಡಿಗಳ ಉದಾಹರಣೆ ಕೊಡುತ್ತೇವೆ. ನಾನು ಎತ್ತಿಕೊಳ್ಳುವ ಉದಾಹರಣೆ ಓದುಗ ಮಹನೀಯರಿಗೆ ತುಸು ವಿಚಿತ್ರವೆನಿಸಬಹುದು. ಅದು ಹನ್ನೊಂದು ವರ್ಷ ನೀಲಗುಂದದ ನಮ್ಮ ಮನೆಯಲ್ಲಿದ್ದ ಒಂದು ಗಿಟಾರ್ ಆಂಪ್ಲಿಫೈಯರ್. ಮಗ ನುಡಿಸುತ್ತಿದ್ದ. ಅವನು ಉದ್ಯೋಗಕ್ಕೆಂದು ಪುಣೆಗೆ ಹೋದ ಮೇಲೆ ಅದು ಮೂಲೆ ಸೇರಿತು. ಪರಿಗ್ರಹಪರಿಮಾಣವನ್ನು ಸ್ವೀಕರಿಸಿದವನು ಉಪಯೋಗವಿಲ್ಲದ ವಸ್ತುವನ್ನು ಇಟ್ಟುಕೊಂಡು ಕೂಡಬಾರದೆಂದು ಅದನ್ನು ಮಾರಲು ನಿಶ್ಚಯಿಸಿದೆ.

ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ಇಂಥದನ್ನು ಕಾಂಬೊ ಎನ್ನುತ್ತಾರೆ. ಹಿರಿಯರ ಮನೆಗಳಲ್ಲಿ ಸ್ವಿಚ್ ಹಾಕಿ, ಕಾದು, ಆಮೇಲೆ ಕೇಳುತ್ತಿದ್ದ ವಾಲ್ವ್ ರೇಡಿಯೋ ನೆನಪಿದ್ದವರಿಗೆ ಇದರ ಒಳಗು ಅಪರಿಚಿತವಲ್ಲ. ನಮ್ಮ ಪೆಟ್ಟಿಗೆಯ ಕೊನೆಯ ಹಂತದಲ್ಲಿದ್ದ ಇಎಲ್ 84 ಎಂಬ ಎರಡು ವಾಲ್ವುಗಳು ಆ ಕಾಲದ ಎಷ್ಟೋ ರೇಡಿಯೋಗಳಲ್ಲಿ ಇದ್ದಂಥವೇ. ಟ್ರಾನ್ಸಿಸ್ಟರ್ ಬಂದು ಉಳಿದೆಡೆ ವಾಲ್ವನ್ನು ಹೊರದೂಡಿದರೂ ಗಿಟಾರ್ ನುಡಿಸುವವರು ಅದನ್ನು ಬಿಡಲಿಲ್ಲ. ಶಕ್ತಿಯ ಮಿತಿಯನ್ನು ಸಮೀಪಿಸಿದಾಗ ವಾಲ್ವಿನ ಧ್ವನಿ ಒಮ್ಮೆಲೇ ಹರಿಯದೆ, ಮೆಲ್ಲಮೆಲ್ಲನೆ ಗಡುಸಾಗಿ ತುಂಬಿಕೊಳ್ಳುತ್ತದೆ. ಅವರಿಗೆ ಬೇಕಾದುದು ಆ ಧ್ವನಿ.

ಕೊಳ್ಳುವಾಗ ಮಗ 30 ವಾಟಿನದನ್ನು ಬಯಸಿದ್ದ. ನಾವು ತಂದದ್ದು 15 ವಾಟಿನದು. ವಾಟು ಇಮ್ಮಡಿಯಾದರೆ ಧ್ವನಿ ಇಮ್ಮಡಿಯಾಗುವುದೆಂಬುದು ತಪ್ಪು ಕಲ್ಪನೆ. ಇಮ್ಮಡಿ ವಾಟಿಗೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಗೋಡೆಗೆ ಗೋಡೆ ಅಂಟಿದ ಹಳ್ಳಿಯ ಮನೆಯಲ್ಲಿ 15 ವಾಟೂ ಹೆಚ್ಚೇ. 30 ವಾಟಿನದಾದರೆ ಅದರ ನಿಜವಾದ ಸ್ವರ ಹೊರಡುವ ಮಟ್ಟಕ್ಕೆ ಒಂದು ದಿನವೂ ಏರಿಸಲಾಗುತ್ತಿರಲಿಲ್ಲ. ಅಗತ್ಯಕ್ಕೆ ಮೀರಿದ ಭೋಗಸಾಮಗ್ರಿಯನ್ನು ತತ್ತ್ವಾರ್ಥಸೂತ್ರವು ಅನರ್ಥದಂಡವ್ರತದ ಅತಿಚಾರಗಳಲ್ಲಿ ಎಣಿಸಿದೆ. (ಬಸದಿಗಳಿಗೆ ಧ್ವನಿವರ್ಧಕ ಕೊಳ್ಳುವ ಟ್ರಸ್ಟುಗಳೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬಲ್.)

ನಮ್ಮನ್ನು ಹೆಚ್ಚು ಕಾಡಿದ್ದು ಹುಳುಗಳ ಪ್ರಶ್ನೆ. ಪೆಟ್ಟಿಗೆಯ ಹಿಂಬದಿ ತೆರೆದೇ ಇರುತ್ತದೆ. ಕಾವು ಹೊರಹೋಗಲು ಅದು ಬೇಕು. ವಾಲ್ವಿನ ಗಾಜು ಕೈಯಿಂದ ಮುಟ್ಟಲಾಗದಷ್ಟು ಸುಡುತ್ತದೆ. ಅದರ ಕೆಂಪು ಮಿನುಗು ಮಂದವಾದದ್ದು, ಹುಳುಗಳನ್ನು ಕರೆಯುವುದು ಕೋಣೆಯ ದೀಪವೇ. ಆದರೆ ಮುಂಗಾರಿನ ಸಂಜೆ ದೀಪಕ್ಕೆ ಬಂದ ಈಸಲುಹುಳುಗಳು ರೆಕ್ಕೆ ಕಳಚಿ ಸಿಕ್ಕಸಿಕ್ಕ ಸಂದಿನಲ್ಲಿ ಬೀಳುತ್ತವೆ. ಬಟ್ಟೆ ಮುಚ್ಚಿದರೆ ಕಾವು ನಿಂತು ಪೆಟ್ಟಿಗೆಯೇ ಕೆಡುತ್ತದೆ. ಕೊನೆಗೆ ಒತ್ತಾದ ಕಣ್ಣಿನ ತಂತಿಜಾಲರಿಯನ್ನು ಹಿಂಬದಿಗೆ ಕೂಡಿಸಿದೆವು. ಚಾತುರ್ಮಾಸದಲ್ಲಿ ಸೂರ್ಯಾಸ್ತದ ನಂತರ ಅದನ್ನು ಹಚ್ಚಬಾರದೆಂದು ಮನೆಯಲ್ಲಿ ಗೊತ್ತುಮಾಡಿಕೊಂಡೆವು. ಊಟಕ್ಕೆ ಇರುವ ನಿಯಮ ಸಂಗೀತಕ್ಕೆ ಏಕೆ ಎಂದು ಮಗ ಮೊದಲು ವಾದಿಸಿದ. ಜಾಲರಿಯ ಬುಡದಲ್ಲಿ ಗುಡಿಸಿದ್ದನ್ನು ಒಂದು ದಿನ ಕಂಡ ಮೇಲೆ ವಾದಿಸಲಿಲ್ಲ.

ಇನ್ನು ಮಾರಾಟದ ವಿಷಯ. ನಮ್ಮ ಪೆಟ್ಟಿಗೆಯಲ್ಲಿದ್ದ ಆ ಎರಡು ವಾಲ್ವುಗಳು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿ ತಯಾರಾದವು. 1954ರಲ್ಲಿ ಸ್ಥಾಪಿತವಾದ ಆ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತು. ಈಗ ತಯಾರಾಗದ ಅವನ್ನು ಹುಡುಕಿ ಕೊಳ್ಳುವವರು ಹೊರದೇಶಗಳಲ್ಲೂ ಇದ್ದಾರೆ. ಇಂಗ್ಲೆಂಡಿನ ಮಲ್ಲಾರ್ಡ್ ಹೆಸರಿನ ವಾಲ್ವಿಗಾದರೆ ಇನ್ನೂ ಹೆಚ್ಚಿನ ಬೆಲೆ. ಗಾಜಿನ ಮೇಲಿನ ಅಚ್ಚಾದರೋ ಬೆರಳು ತಾಗಿದರೆ ಅಳಿಯುವಂಥದು. ವ್ಯವಹಾರ ಕುದುರಿಸಲು ಬಂದ ಮಧ್ಯಸ್ಥನೊಬ್ಬ ಎರಡು ಸಲಹೆ ಕೊಟ್ಟ. ಅಚ್ಚು ಒರೆಸಿ ಮಲ್ಲಾರ್ಡಿನದನ್ನು ಹಾಕಿಸಬಹುದು. ಅದು ಬೇಡವಾದರೆ 'ಬಳಸದೆ ಇಟ್ಟ ಹಳೆಯ ಮಾಲು' ಎಂದಾದರೂ ಹೇಳಬಹುದು. 'ಕಿವಿಗೆ ಭೇದ ತಿಳಿಯೋದಿಲ್ಲ, ಕೊಂಡವನಿಗೂ ಖುಷಿ. ಇದರಾಗ ಯಾರಿಗೆ ನಷ್ಟರೀ?' ಎಂಬುದು ಅವನ ವಾದ.

ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಎರಡು ವಾಲ್ವುಗಳ ಭೇದವನ್ನು ನನ್ನ ಕಿವಿ ಗುರುತಿಸಲಾರದು. ಆದರೆ ಕೊಳ್ಳುವವನು ಹಣ ಕೊಡುವುದು ಈ ದಿನದ ಧ್ವನಿಗಷ್ಟೇ ಅಲ್ಲ, ವಾಲ್ವಿನಲ್ಲಿ ಉಳಿದಿರುವ ಆಯುಷ್ಯಕ್ಕೂ. ಕಾದು ಕಾದು ಕ್ಯಾಥೋಡಿನ ಸತ್ತ್ವ ಕುಂದುತ್ತದೆ; ಅದು ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಒಳಗಿನ ಬೆಳ್ಳಿಬಣ್ಣದ ಲೇಪ ಬಿಳುಪಾಗಿದ್ದರೆ ಗಾಳಿ ಹೊಕ್ಕಿದೆಯೆಂದು ತಿಳಿಯಬಹುದು, ಕಡ್ಡಿಗಳ ಮೇಲಿನ ಗೀರು ನೋಡಿ ಹಿಂದೆ ಸಾಕೆಟ್ಟಿನಲ್ಲಿತ್ತೆಂದು ತಿಳಿಯಬಹುದು. ಎಷ್ಟು ವರ್ಷ ಉರಿಯಿತೆಂಬುದನ್ನು ಇಟ್ಟುಕೊಂಡವನೇ ಹೇಳಬೇಕು. ಅಚೌರ್ಯದ ಅತಿಚಾರಗಳಲ್ಲಿ ಕೊನೆಯದಾದ ಪ್ರತಿರೂಪಕವ್ಯವಹಾರಕ್ಕೆ ತುಪ್ಪದಲ್ಲಿ ಕಲಬೆರಕೆ ಎಂಬ ದೃಷ್ಟಾಂತವನ್ನು ನಾವೆಲ್ಲ ಕೇಳಿದ್ದೇವೆ. ಕಲಬೆರಕೆ ತುಪ್ಪ ಒಂದು ಮನೆಯಲ್ಲಿ ಮುಗಿಯುತ್ತದೆ. ಸುಳ್ಳು ಅಚ್ಚಿನ ವಾಲ್ವು ಮುಗಿಯುವುದಿಲ್ಲ. ನಂಬಿ ಕೊಂಡವನು ನಾಳೆ ಅದೇ ಹೆಸರು ಹೇಳಿ ಇನ್ನೊಬ್ಬನಿಗೆ ಮಾರುತ್ತಾನೆ, ತನಗೆ ಗೊತ್ತಿಲ್ಲದೆಯೇ ಸುಳ್ಳಾಡುತ್ತಾನೆ. ಕೃತ, ಕಾರಿತ, ಅನುಮೋದನೆಗಳಲ್ಲಿ ನಾನು ಯಾವುದರಿಂದ ತಪ್ಪಿಸಿಕೊಂಡಂತಾಯಿತು?

ಕೊಳ್ಳಲು ಬಂದವನು ದಾವಣಗೆರೆಯ ಕಡೆಯ ತರುಣ, ಮದುವೆಯ ಆರ್ಕೆಸ್ಟ್ರಾಗಳಲ್ಲಿ ನುಡಿಸುವವನು. ಕಾರ್ಯಕ್ರಮದ ನಡುವೆ ಪೆಟ್ಟಿಗೆ ನಿಂತರೆ ಅವನ ಆ ದಿನದ ಸಂಪಾದನೆಗೇ ಕುತ್ತು. ಅವನಿಗಾಗಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ: ವಾಲ್ವುಗಳು ಬೆಂಗಳೂರಿನವು, ಬಳಸಿದವು, ಆರು ವರ್ಷ ಉರಿದವು, ಮೊದಲ ಹಂತದ ವಾಲ್ವನ್ನು ಪೆನ್ಸಿಲಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆಯಂತೆ ಕೇಳುತ್ತದೆ, ಅದನ್ನು ಬದಲಿಸಬೇಕು, ವೋಲ್ಟೇಜು ಇಳಿದ ಸಂಜೆಗಳಲ್ಲಿ ಧ್ವನಿ ಸೊರಗುತ್ತದೆ. ಸ್ಪೀಕರಿನ ತಂತಿ ಬಿಚ್ಚಿ ಹಚ್ಚಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ನಿಂತಿರುತ್ತದೆ, ತಿಳಿಯದವರು ಕೈಹಾಕಬಾರದು.

ಆತ ಹಾಳೆಯನ್ನು ಎರಡು ಬಾರಿ ಓದಿದ. ಒಂದು ಗಂಟೆ ನುಡಿಸಿ ನೋಡಿದ. ನಾನು ಹೇಳಿದ್ದರಲ್ಲಿ ಒಂದೂವರೆ ಸಾವಿರ ಇಳಿಸಿದ. ಹಾಳೆಯಲ್ಲಿದ್ದುದಕ್ಕೆ ಅದು ನ್ಯಾಯವಾಗಿಯೇ ಇತ್ತು. ಮಧ್ಯಸ್ಥ ಅಷ್ಟರಲ್ಲಿ ಎದ್ದುಹೋಗಿದ್ದ. ಪೆಟ್ಟಿಗೆಯನ್ನು ಗಾಡಿಗೆ ಏರಿಸುವಾಗ ಹಿಂಬದಿಯ ಜಾಲರಿ ಬೇಡವಾದರೆ ಬಿಚ್ಚಿಕೊಡುವೆನೆಂದೆ. 'ಇರ್ಲಿ ಬಿಡ್ರಿ ಸರ, ನಮ್ಮ ಕಡೇನೂ ಹುಳ ಇರ್ತಾವ' ಎಂದ.