ಅಮ್ಮನ ತಟ್ಟೆಯಲ್ಲಿ ಎಷ್ಟು ಅನ್ನ?

ಮೂರು ತಿಂಗಳ ಹಿಂದಿನವರೆಗೆ ನಮ್ಮ ಫ್ರಿಜ್ ಬಾಗಿಲ ಮೇಲೆ ಎರಡು ಡಯಟ್ ಚಾರ್ಟ್ ಇದ್ವು. ಒಂದು ನಂದು, ಇನ್ನೊಂದು ತಮ್ಮಂದು. ನನ್ನದರಲ್ಲಿ ಬಿಳಿ ಅನ್ನದ ಮೇಲೆ ಕೆಂಪು ಗೀಟು. ಅವನದರಲ್ಲಿ ‘ಅನ್ನ 200 ಗ್ರಾಂ’, ಅದೂ ದಿನಕ್ಕೆ ಎರಡು ಸಲ! ಒಂದೇ ಮನೆ, ಒಂದೇ ಕುಕ್ಕರ್.

ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 5.9 ಬಂದಿತ್ತು. 5.7ರಿಂದ 6.4ರ ಒಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀವಿ ಅಂತ ಲೆಕ್ಕ. ನನಗೆ ವಯಸ್ಸು 29. ಹೆದರಿ ಯಾರನ್ನೂ ಕೇಳದೆ ಕೀಟೊ ಶುರು ಮಾಡಿದೆ. ಅದರಲ್ಲಿ ದಿನದ ಕಾರ್ಬೋಹೈಡ್ರೇಟ್ ಸಾಮಾನ್ಯವಾಗಿ 50 ಗ್ರಾಂ ದಾಟುವಂತಿಲ್ಲ. ಬೆಂದ ಬಿಳಿ ಅನ್ನ 100 ಗ್ರಾಂ ತಿಂದರೇ ಸುಮಾರು 28 ಗ್ರಾಂ ಆಗುತ್ತೆ. ಸಾರಿಗೊಂದು ಸಲ, ಮಜ್ಜಿಗೆಗೊಂದು ಸಲ ಬಡಿಸಿಕೊಂಡ್ರೆ ಆವತ್ತಿನ ಕೋಟಾ ಖಲಾಸ್. ಆರು ವಾರದಲ್ಲಿ ತೂಕ ಇಳಿಯಿತು, ಸುಳ್ಳು ಹೇಳಲ್ಲ. ಮದುವೆ ಮನೆಗೆ ಹೋಗೋ ಧೈರ್ಯಾನೂ ಇಳಿಯಿತು. ಎಲೆ ಮುಂದೆ ಕೂತು ಅನ್ನ ಬೇಡ ಅಂದ್ರೆ ಬಡಿಸೋರು ‘ಹುಷಾರಿಲ್ವೇನಮ್ಮ?’ ಅಂತ ಕೇಳ್ತಾರೆ.

ಆಮೇಲೆ 16:8 ಉಪವಾಸ. ಅದಕ್ಕೆ ಗಡಿಯಾರದ್ದೇ ಚಿಂತೆ, ತಟ್ಟೆಯಲ್ಲಿ ಏನಿದೆ ಅನ್ನೋದು ಬೇಕಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹಸಿದ ಹೊಟ್ಟೆಯಲ್ಲಿ ತಟ್ಟೆ ತುಂಬ ಚಿತ್ರಾನ್ನ ತಿಂದು, ಅದನ್ನೂ ಡಯಟ್ ಅಂತ ಕರೆದವಳು ನಾನು.

ಪಕ್ಕದ ಸೀಟಿನ ಗೆಳತಿಯದು ಇನ್ನೊಂದು ಕಥೆ. ಹೊಟ್ಟೆಯ ತೊಂದರೆಗೆ ಡಾಕ್ಟರು ಲೋ ಫಾಡ್‌ಮ್ಯಾಪ್ ಹೇಳಿದ್ದಾರೆ. ಗೋಧಿ ಚಪಾತಿ, ಈರುಳ್ಳಿ, ಬೆಳ್ಳುಳ್ಳಿ ಎಲ್ಲಾ ಬಂದ್, ಬಿಳಿ ಅನ್ನಕ್ಕೆ ಮಾತ್ರ ಸ್ವಾಗತ! ನನ್ನ ತಮ್ಮ ಮ್ಯಾರಥಾನ್‌ಗೆ ತಯಾರಾಗ್ತಿದ್ದಾನೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು ಕಡಿಮೆ, ಹಾಗಾಗಿ ಬೇಗ ಜೀರ್ಣ ಆಗುತ್ತೆ, ರಕ್ತದಲ್ಲಿ ಬೇಗ ಸಕ್ಕರೆ ಏರುತ್ತೆ. ಓಡುವ ಅವನಿಗೆ ಬೇಕಾಗಿರೋದೂ ಅದೇ, ಕುರ್ಚಿಗೆ ಅಂಟಿಕೊಂಡ ನನಗೆ ಬೇಡವಾಗಿರೋದೂ ಅದೇ.

ಈ ಎಲ್ಲ ಪಂಡಿತ ಚರ್ಚೆ ಊಟದ ಟೇಬಲ್ ಮೇಲೆ ದಿನಾ ನಡೀತಿತ್ತು. ಅಮ್ಮ ಕೇಳಿಸಿಕೊಳ್ತಾ ಬಡಿಸ್ತಿದ್ಲು. ನನಗೆ ಪನೀರ್, ಪಲ್ಯ. ಅವನಿಗೆ ತೂಕ ಹಾಕಿದ ಅನ್ನ, ಮೊಟ್ಟೆ.

ಒಂದು ದಿನ ಅಮ್ಮನ ಕಾಲಿನ ಗಾಯ ವಾಸಿಯಾಗ್ತಿಲ್ಲ ಅಂತ ಪರೀಕ್ಷೆ ಮಾಡಿಸಿದ್ವಿ. ಎಚ್‌ಬಿಎ1ಸಿ 8.4.

ಡಯಟೀಷಿಯನ್ ಕೇಳಿದ್ರು: “ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?”

“ಮನೇಲಿ ಎಲ್ಲರೂ ತಿಂದಿದ್ದೇ,” ಅಂದ್ಲು ಅಮ್ಮ. ನಾನೂ ಹೌದು ಅಂತ ತಲೆಯಾಡಿಸಿದೆ.

“ಪಲ್ಯ ಎಷ್ಟು ಹಾಕ್ಕೊಂಡ್ರಿ?”

ಅಮ್ಮ ನನ್ನ ಮುಖ ನೋಡಿದಳು. “ಪಲ್ಯ ಮಿಕ್ಕಿರಲಿಲ್ಲ.”

ಮೊಟ್ಟೆ? ಇಲ್ಲ. ಕಾಳು? ಸಾಂಬಾರಿನ ತಿಳಿ ಇತ್ತಂತೆ. ಎಲ್ಲರದ್ದೂ ಆದಮೇಲೆ ಹತ್ತು ಗಂಟೆಗೆ, ಕುಕ್ಕರ್ ತಳದಲ್ಲಿ ಉಳಿದ ಅನ್ನ ಎಸೆಯೋದ್ಯಾಕೆ ಅಂತ ಅಷ್ಟನ್ನೂ ಹಾಕ್ಕೊಂಡು ಸಾರು ಸುರಿದುಕೊಂಡು ಉಣ್ಣೋದು. ಎಷ್ಟು ವರ್ಷದಿಂದ ಅಂತ ಅವರು ಕೇಳಲಿಲ್ಲ. ನನಗೆ ಗೊತ್ತಿತ್ತು. ನಾನು ಬೇಡ ಅಂದ ಅನ್ನ ಎಲ್ಲಿಗೆ ಹೋಗ್ತಿತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ ಅಷ್ಟೇ.

ಅಮ್ಮನ ತವರು ತಿಪಟೂರು ಕಡೆ. ಅವಳ ಬಾಲ್ಯದಲ್ಲಿ ದಿನಾ ರಾಗಿ ಮುದ್ದೆ, ಅನ್ನ ಹಬ್ಬಕ್ಕೆ ಅಥವಾ ನೆಂಟರು ಬಂದರೆ. ದಿನಾ ಅಕ್ಕಿ ಬೇಯಿಸೋ ಮನೆಗೆ ಸೊಸೆಯಾಗಿ ಬಂದಾಗ ಅಜ್ಜಿ ಪುಣ್ಯವಂತೆ ಅಂದಿದ್ದಳಂತೆ. ಹಾಗಾಗಿ ಬರೀ ಅನ್ನ ಸಾರು ಅಮ್ಮನಿಗೆ ಯಾವತ್ತೂ ಕಡಿಮೆ ಊಟ ಅನ್ನಿಸಿರಲಿಲ್ಲ.

ಡಯಟೀಷಿಯನ್ ಅನ್ನ ಬಿಡಿಸಲಿಲ್ಲ. ಒಂದು ಸಣ್ಣ ಬಟ್ಟಲು ಸಾಕು, ಅರ್ಧ ತಟ್ಟೆ ತರಕಾರಿ, ಜೊತೆಗೆ ಕಾಳು, ಮೊದಲು ಅವನ್ನು ತಿಂದು ಕೊನೆಗೆ ಅನ್ನ ಅಂದ್ರು. ಹಾಗಾದ್ರೆ ಮುದ್ದೆ ಎರಡು ತಿನ್ನಬಹುದಲ್ವಾ ಅಂತ ಅಮ್ಮ ಚೌಕಾಸಿ ಮಾಡಿದಳು. ಅದಕ್ಕೂ ಲೆಕ್ಕ ಇದೆಯಂತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿಯೂ ಎಲ್ಲ ಧಾನ್ಯ ಸೇರಿ ದಿನದ ಕ್ಯಾಲೊರಿಯ ಶೇ 45 ದಾಟಬಾರದು ಅನ್ನುತ್ತೆ. ಉಳಿದಿದ್ದಕ್ಕೆ ತರಕಾರಿ, ಬೇಳೆ, ಹಾಲು ಎಲ್ಲಾ ಬೇಕು. ಕುಕ್ಕರ್ ತಳದಲ್ಲಿ ಅದ್ಯಾವುದೂ ಇರಲ್ಲ.

ಈಗ ರಾತ್ರಿ ಎಂಟೂವರೆಗೆ ಮೂವರೂ ಒಟ್ಟಿಗೆ ಕೂರ್ತೀವಿ. ಮೊದಲು ಅಮ್ಮನ ತಟ್ಟೆಗೆ ಪಲ್ಯ ಬಡಿಸೋದು ನನ್ನ ಕೆಲಸ. ನಾನೂ ಒಂದು ಬಟ್ಟಲು ಅನ್ನ ತಿಂತೀನಿ. ಅಮ್ಮ ಇನ್ನೂ ಪೂರ್ತಿ ದಾರಿಗೆ ಬಂದಿಲ್ಲ. ಮೊನ್ನೆ ಅವಳಿಗೆ ಅಂತ ಮುಚ್ಚಿಟ್ಟಿದ್ದ ಹುರುಳಿಕಾಯಿ ಪಲ್ಯ ತಮ್ಮನ ಡಬ್ಬಿ ಸೇರಿತ್ತು. “ಪಾಪ, ಓಡೋ ಹುಡುಗ,” ಅಂದ್ಲು.

ಫ್ರಿಜ್ ಮೇಲೆ ಮೂರನೇ ಚಾರ್ಟ್ ಅಂಟಿಸಿದ್ದೀನಿ. ನಿನ್ನೆ ನೋಡಿದ್ರೆ ಅಮ್ಮ ಅದನ್ನು ಕಿತ್ತು ಹಿಂದಗಡೆ ದಿನಸಿ ಪಟ್ಟಿ ಬರೆದಿದ್ದಾಳೆ. ಮೊದಲ ಸಾಲು: ಸೋನಾ ಮಸೂರಿ, 10 ಕೆಜಿ.