ಹೈಡ್ ಪಾರ್ಕಿನ ಏಳು ಗುಂಡುಗಳು

ಸಿಡ್ನಿಗೆ ಬರುವ ನಮ್ಮವರ ಪಟ್ಟಿಯಲ್ಲಿ ಒಪೇರಾ ಹೌಸ್, ಹಾರ್ಬರ್ ಬ್ರಿಡ್ಜ್, ಬಾಂಡೈ ಬೀಚ್ ಇದ್ದೇ ಇರುತ್ತವೆ. ಹೈಡ್ ಪಾರ್ಕ್ ಮಾತ್ರ ‘ದಾರೀಲಿ ಸಿಕ್ಕಿದ್ರೆ ನೋಡೋಣ’ ಅನ್ನೋ ಜಾಗ. ಪ್ರಾಜೆಕ್ಟ್ ಕೆಲಸಕ್ಕೆ ಇಲ್ಲಿಗೆ ಬಂದ ನಾನು ಲಂಚ್ ಬ್ರೇಕ್‌ನಲ್ಲಿ ಹೆಚ್ಚು ಅಲೆದದ್ದು ಅಲ್ಲೇ.

ಪಾರ್ಕಿನ ದಕ್ಷಿಣ ಭಾಗದಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಕಂಚಿನ ಪ್ರತಿಮೆ ಇದೆ. 1879ರಲ್ಲಿ ಅನಾವರಣಗೊಂಡದ್ದು. ಒಂದು ಕೈ ಆಕಾಶಕ್ಕೆ ಎತ್ತಿ ನಿಂತಿದ್ದಾನೆ. ಪೀಠದ ಮೇಲೆ ‘1770ರಲ್ಲಿ ಈ ಭೂಭಾಗವನ್ನು ಕಂಡುಹಿಡಿದವನು’ ಎಂಬರ್ಥದ ಇಂಗ್ಲಿಷ್ ಸಾಲು. ಇದು ಗ್ಯಾಡಿಗಲ್ ಜನರ ನೆಲ. ಈ ಖಂಡದಲ್ಲಿ ಮೂಲನಿವಾಸಿಗಳು ಕನಿಷ್ಠ 50 ಸಾವಿರ ವರ್ಷದಿಂದ ಬದುಕಿದ್ದಾರೆ. ಜನ ವಾಸವಿದ್ದ ಮನೆಗೆ ನುಗ್ಗಿ ‘ನಾನೇ ಕಂಡುಹಿಡಿದೆ’ ಅಂದ ಹಾಗಾಯ್ತಲ್ವಾ?

2017ರಲ್ಲಿ ಯಾರೋ ಇದರ ಮೇಲೆ ಸ್ಪ್ರೇ ಪೇಂಟ್‌ನಲ್ಲಿ ಪ್ರತಿಭಟನೆಯ ಘೋಷಣೆ ಬರೆದರು, ದೊಡ್ಡ ಗಲಾಟೆಯಾಯಿತು. ವಿರಾಜುರಿ ಸಮುದಾಯದ ಪತ್ರಕರ್ತ ಸ್ಟ್ಯಾನ್ ಗ್ರಾಂಟ್ ಕೇಳಿದ್ದು ಪ್ರತಿಮೆ ಕೆಡವಿ ಅಂತಲ್ಲ, ಆ ಸಾಲನ್ನು ಸರಿಪಡಿಸಿ ಅಂತ. ನನಗೂ ಅದೇ ಸರಿ ಅನ್ನಿಸುತ್ತೆ. ಪ್ರತಿಮೆಯನ್ನು ಗೋದಾಮಿಗೆ ಸಾಗಿಸಿಬಿಟ್ಟರೆ ಆ ಸುಳ್ಳು ಎಷ್ಟು ಕಾಲ ಬೀದಿಯಲ್ಲಿ ನಿಂತಿತ್ತು ಅನ್ನೋದೂ ಮರೆತುಹೋಗುತ್ತೆ. (ಐರ್ಲೆಂಡಿನವರು ತಮಗೆ ಬೇಡವೆಂದು ಡಬ್ಲಿನ್‌ನಲ್ಲಿ ಎತ್ತಿಟ್ಟ ವಿಕ್ಟೋರಿಯಾ ರಾಣಿಯನ್ನು ಸಿಡ್ನಿಯವರು ಹಡಗಿನಲ್ಲಿ ತಂದು, 1987ರಲ್ಲಿ ಶಾಪಿಂಗ್ ಮಾಲ್ ಮುಂದೆ ಕೂರಿಸಿದ್ದಾರೆ. ಪ್ರತಿಮೆಗಳ ಹಣೆಬರಹವೂ ವಿಚಿತ್ರ.)

ಕುಕ್‌ನಿಂದ ಕೆಲವೇ ನಿಮಿಷ ನಡೆದರೆ ಏಳು ದೈತ್ಯ ಗುಂಡುಗಳು. ನಾಲ್ಕು ನೆಟ್ಟಗೆ ನಿಂತಿವೆ, ಸುಮಾರು 7 ಮೀಟರ್ ಎತ್ತರ. ಮೂರು ಖಾಲಿ ತೋಟಾಗಳಾಗಿ ಉರುಳಿ ಬಿದ್ದಿವೆ. ದೇಶಕ್ಕಾಗಿ ಯುದ್ಧ ಮಾಡಿದ ಮೂಲನಿವಾಸಿ ಸೈನಿಕರ ಸ್ಮಾರಕವಿದು. 2015ರಲ್ಲಿ ಇದನ್ನು ರೂಪಿಸಿದವರು ಮೂಲನಿವಾಸಿ ಕಲಾವಿದ ಟೋನಿ ಆಲ್ಬರ್ಟ್. ಹೆಸರು ‘ಯಿನಿನ್ಮಾಡ್ಯೆಮಿ’. ‘ನೀನು ಬೀಳಲು ಬಿಟ್ಟೆ’ ಅಂತ ಅರ್ಥ.

ಏಳೇ ಯಾಕೆ? ಎರಡನೇ ಮಹಾಯುದ್ಧದಲ್ಲಿ ಕಲಾವಿದರ ತಾತ ಎಡ್ಡಿ ಆಲ್ಬರ್ಟ್ ಸೇರಿ ಏಳು ಯುದ್ಧಕೈದಿಗಳು ತಪ್ಪಿಸಿಕೊಂಡು, ಇಟಲಿಯಲ್ಲಿ ಮತ್ತೆ ಸಿಕ್ಕಿಬಿದ್ದರು. ಸಾಲಾಗಿ ನಿಲ್ಲಿಸಿ ಮೂವರನ್ನು ಗುಂಡಿಕ್ಕಿ ಕೊಂದರು. ಅಷ್ಟರಲ್ಲಿ ಅಧಿಕಾರಿಯೊಬ್ಬ ತಡೆದ. ಉಳಿದ ನಾಲ್ವರಲ್ಲಿ ಎಡ್ಡಿಯೂ ಒಬ್ಬ. ಇಂಥವರು ಊರಿಗೆ ಮರಳಿದಾಗ, ಮಾಜಿ ಸೈನಿಕರಿಗೆ ಸರ್ಕಾರ ಹಂಚುತ್ತಿದ್ದ ಜಮೀನು ಬಿಳಿಯರಿಗೆ ಸಿಕ್ಕಿತು, ಬಹುತೇಕ ಮೂಲನಿವಾಸಿಗಳಿಗೆ ಸಿಗಲಿಲ್ಲ. ದೇಶದ ಜನಸಂಖ್ಯೆಯ ಲೆಕ್ಕದಲ್ಲಿ ಅವರನ್ನು ಸೇರಿಸಲು 1967ರ ಜನಮತಗಣನೆಯೇ ಬೇಕಾಯಿತು.

ನಮ್ಮ ಆಫೀಸಿನಲ್ಲಿ ದೊಡ್ಡ ಮೀಟಿಂಗ್ ಶುರುವಾಗೋ ಮುಂಚೆ ‘ಈ ನೆಲದ ಗ್ಯಾಡಿಗಲ್ ಜನರಿಗೆ ಗೌರವ’ ಅಂತ ಒಂದು ಸ್ಲೈಡ್ ಬರುತ್ತೆ. ಹತ್ತು ಸೆಕೆಂಡು, ಆಮೇಲೆ ಬಜೆಟ್. ವೀಸಾ ಮೇಲೆ ಬಂದ ನಾನೂ ತಲೆ ಆಡಿಸುತ್ತೇನೆ. ಗುಂಡುಗಳ ಕೆಳಗೆ ನಿಂತರೆ ಅಷ್ಟು ಬೇಗ ಮುಂದಿನ ಸ್ಲೈಡ್‌ಗೆ ಹೋಗೋಕಾಗಲ್ಲ.

ಒಂದು ದಿನ ಬಿಡುವಿದ್ದರೆ ಕರ್ನೆಲ್‌ಗೂ ಹೋಗಿ. ಕ್ರೊನುಲ್ಲಾವರೆಗೆ ರೈಲು, ಅಲ್ಲಿಂದ ಬಸ್. ಕುಕ್ ಇಳಿದದ್ದು ಅಲ್ಲೇ, 1770ರ ಏಪ್ರಿಲ್ 29ರಂದು. ದಡದಲ್ಲಿ ಇಬ್ಬರು ಗ್ವಿಯಗಲ್ ಪುರುಷರು ಈಟಿ ಹಿಡಿದು ಅಡ್ಡ ನಿಂತರು. ಹಡಗಿನವರು ಬಂದೂಕು ಹಾರಿಸಿದರು. ಈಗ ಆ ದಡದಲ್ಲಿ ತಿಮಿಂಗಿಲದ ಪಕ್ಕೆಲುಬಿನಂತೆಯೂ ಹಡಗಿನ ಅಸ್ಥಿಪಂಜರದಂತೆಯೂ ಕಾಣುವ ಕಂಚಿನ ಶಿಲ್ಪವಿದೆ. ನೋಡುವವರಿಗೆ ಯಾವುದು ಕಾಣುತ್ತೋ ಅದು. ಅಂದು ಕುಕ್ ಹೊತ್ತೊಯ್ದ ಈಟಿಗಳಲ್ಲಿ ನಾಲ್ಕು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಪಾಲಾಗಿದ್ದವು. 2024ರಲ್ಲಿ ಅವನ್ನು ಆ ಸಮುದಾಯಕ್ಕೆ ಹಿಂದಿರುಗಿಸಲಾಯಿತು, 254 ವರ್ಷಗಳ ನಂತರ.