ಸರ್ವರ್ ಮಹಾಶಯರ ಬಿರುದಾವಳಿ

ಮನುಷ್ಯನಿಗೆ ಹೆಸರಿಡುವವರು ತಾಯಿತಂದೆಗಳು, ಅಡ್ಡಹೆಸರಿಡುವವರು ಊರವರು, ಹುದ್ದೆಯ ಹೆಸರಿಡುವವರು ಕಚೇರಿಯವರು. ಮೊದಲನೆಯದು ಪ್ರೀತಿಯಿಂದ ಬಂದದ್ದು, ಎರಡನೆಯದು ಅನುಭವದಿಂದ ಬಂದದ್ದು, ಮೂರನೆಯದು ಟೈಪಾಗಿ ಬಂದದ್ದು. ಆದರೆ ಸಂಬಳ ತರುವ ಶಕ್ತಿಯಿರುವುದು ಈ ಮೂರನೆಯದಕ್ಕೊಂದೇ. ಈ ಸತ್ಯ ನನಗೆ ಹೊಳೆದದ್ದು ತಡವಾಗಿ. ಅದೂ ಒಬ್ಬ ಸಜ್ಜನರನ್ನು ಸಾಕಷ್ಟು ನಗೆಗೀಡು ಮಾಡಿದ ಮೇಲೆ.

ಆ ಸಜ್ಜನರು ನಮ್ಮ ಕಾಲೇಜಿನ ಕಂಪ್ಯೂಟರುಗಳ ಯೋಗಕ್ಷೇಮವನ್ನು ನೋಡಿಕೊಳ್ಳುವವರು. ಇಂಗ್ಲಿಷಿನಲ್ಲಿ ಇಂಥವರಿಗೆ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಎಂಬ ಹೆಸರುಂಟು. ಅದನ್ನು ಪೂರ್ತಿ ಉಚ್ಚರಿಸುವಷ್ಟರಲ್ಲಿ ನಮ್ಮಲ್ಲಿ ಕರೆಂಟು ಹೋಗಿರುತ್ತದೆ. ಅವರು ನಮ್ಮೊಬ್ಬರ ಸ್ವತ್ತೂ ಅಲ್ಲ. ಯಾವುದೋ ಏಜೆನ್ಸಿಯ ಗುತ್ತಿಗೆಯ ಮೇಲೆ ಸೋಮವಾರ ಮಂಗಳವಾರ ಸಾಗರ, ಬುಧವಾರ ಗುರುವಾರ ಹೊಸನಗರ, ಶುಕ್ರವಾರ ಶನಿವಾರ ತೀರ್ಥಹಳ್ಳಿ ಎಂದು ಸುತ್ತುತ್ತಾರೆ. ಈ ಮೂರು ಸೀಮೆಗಳನ್ನೂ ಏಕಚ್ಛತ್ರದಡಿ ಆಳಿದವರು ಕೆಳದಿಯ ಅರಸರನ್ನು ಬಿಟ್ಟರೆ ಇವರೇ. ವ್ಯತ್ಯಾಸವಿಷ್ಟೆ: ಅವರಿಗೆ ಕುದುರೆಯಿತ್ತು, ಇವರಿಗೆ ಹಳೆಯ ಮೋಟಾರು ಬೈಕು, ಅವರ ಛತ್ರ ಮುತ್ತಿನದು, ಇವರದು ಎರಡು ಕಡ್ಡಿ ಮುರಿದ ಕೊಡೆ.

ಊರವರು ಇವರಿಗೆ ಇಟ್ಟಿರುವ ಹೆಸರು 'ಸರ್ವರ್' ಎಂದು. ಈ ನಾಮಕರಣದ ಹಿಂದೊಂದು ಕಥೆಯಿದೆ. 2000ದ ಸುಮಾರಿಗೆ ನಮ್ಮ ರಾಜ್ಯದ ಪಹಣಿಗಳೆಲ್ಲ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿನ ಹೊಟ್ಟೆ ಸೇರಿದುವಷ್ಟೆ. ಅಂದಿನಿಂದ 'ಸರ್ವರ್ ಇಲ್ಲ' ಎಂಬುದು ಕಚೇರಿಗಳ ಸುಪ್ರಭಾತವಾಯಿತು. ಒಮ್ಮೆ ನಮ್ಮ ದೊಡ್ಡಪ್ಪ ಪಹಣಿಗೆಂದು ಹೊಸನಗರಕ್ಕೆ ಹೋಗಿ, ಕಿಟಕಿಯ ಹಿಂದಿನಿಂದ ಈ ಮಾತನ್ನು ಕೇಳಿ, ಅರ್ಧ ತಾಸು ಗಂಭೀರವಾಗಿ ಬೆಂಚಿನ ಮೇಲೆ ಕುಳಿತರಂತೆ. ಅವರು ಕಂಡ ಸರ್ವರ್ ಒಬ್ಬನೇ, ಹೋಟೆಲಿನ ಮಾಣಿ. ಕೊನೆಗೆ ಎದ್ದುಹೋಗಿ, "ಮಾಣಿ ಊಟಕ್ಕೆ ಹೋಗಿದ್ದರೆ ಅಡ್ಡಿಯಿಲ್ಲ ಮಾರಾಯ್ರೆ, ಎಲ್ಲಿಟ್ಟಿದ್ದಾನೆ ಹೇಳಿ, ನಾನೇ ಬಡಿಸಿಕೊಳ್ತೇನೆ" ಎಂದರಂತೆ! ಈ ಕಥೆಯನ್ನು ನಾನು ಕಾಲೇಜಿನಲ್ಲಿ ಹೇಳಿದೆ. ಮರುದಿನದಿಂದ ನಮ್ಮ ಮಿತ್ರರು ಬಂದೊಡನೆ, "ಸರ್ವರ್ ಬಂತು" ಎಂದು ಸ್ವಾಗತಿಸುವುದು ರೂಢಿಯಾಯಿತು. ಅವರೂ ನಕ್ಕು ಸುಮ್ಮನಾದರು.

ಈ ಬಾರಿ ಕಾಲೇಜು ತೆರೆದೊಡನೆ ನಮ್ಮ ಪ್ರಿನ್ಸಿಪಾಲರಿಗೆ ಕನ್ನಡಾಭಿಮಾನ ಉಕ್ಕಿತು. ಎಲ್ಲ ಬಾಗಿಲುಗಳಿಗೂ ಕನ್ನಡ ಫಲಕಗಳು ಬರಬೇಕೆಂದು ಅಪ್ಪಣೆಯಾಯಿತು. ಕನ್ನಡ ಎಂ.ಎ. ಮಾಡಿದ ಅಪರಾಧಕ್ಕಾಗಿ ಆ ಹೊಣೆ ನನ್ನ ತಲೆಗೆ ಬಂದಿತು. ಗ್ರಂಥಾಲಯ, ಪ್ರಯೋಗಶಾಲೆಗಳು ಸುಲಭವಾಗಿ ಮುಗಿದುವು. ಸರ್ವರ್ ಮಹಾಶಯರು ಕುಳಿತುಕೊಳ್ಳುವ, ಮೆಟ್ಟಿಲ ಕೆಳಗಿನ ಗೂಡಿನ ಮುಂದೆ ಬಂದಾಗ ಮಾತ್ರ ನನ್ನ ಪಾಂಡಿತ್ಯ ನಿಂತುಬಿಟ್ಟಿತು. 'ವ್ಯವಸ್ಥಾ ನಿರ್ವಾಹಕ' ಎಂದರೆ ಮದುವೆ ಮನೆಯ ಪಾರುಪತ್ಯಗಾರನೆಂದು ತೋರುತ್ತದೆ. 'ಗಣಕಯಂತ್ರ ವ್ಯವಸ್ಥಾ ಆಡಳಿತಾಧಿಕಾರಿ' ಎಂದರೆ ಗೂಡಿನ ಬಾಗಿಲಿಗಿಂತ ಫಲಕವೇ ಅಗಲವಾಗುತ್ತದೆ.

ಆಗ ನನಗೊಂದು ದುರ್ಬುದ್ಧಿ ಹೊಳೆಯಿತು. ನಮ್ಮ ನಾಡು ಬಿರುದುಗಳಿಗೆ ಬಡವಾದುದಲ್ಲ. ಸದಾಶಿವನಾಯಕನಿಗೆ ವಿಜಯನಗರದಿಂದ 'ಕೋಟೆಕೋಲಾಹಲ' ಎಂಬ ಬಿರುದೇ ಬಂದಿತ್ತು. ಇವರಿಗೊಂದು ಬಿರುದಾವಳಿಯನ್ನೇ ಕಟ್ಟಿದರೇನು? ಒಂದು ಭಾನುವಾರವೆಲ್ಲ ಕುಳಿತು ಪಟ್ಟಿ ಮಾಡಿದೆ.

ಏನು ಕೆಟ್ಟರೂ 'ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂದು ಉಪದೇಶಿಸುವುದರಿಂದ 'ಪುನರ್ಜನ್ಮಾಚಾರ್ಯ.' ಎಲ್ಲರ ಪಾಸ್‌ವರ್ಡುಗಳೂ ಇವರ ಕೈಯಲ್ಲೇ ಹುಟ್ಟಿ ಇವರ ಬಳಿಯೇ ಮರುಹುಟ್ಟು ಪಡೆಯುವುದರಿಂದ 'ರಹಸ್ಯ ಭಂಡಾರಿ.' ಒಂದು ಸಣ್ಣ ತೋಡಿನಷ್ಟಿರುವ ಇಂಟರ್‌ನೆಟ್ಟನ್ನು ನಲವತ್ತು ಕಂಪ್ಯೂಟರುಗಳ ಗದ್ದೆಗೆ ಸರದಿಯ ಮೇಲೆ ಹಾಯಿಸುವುದರಿಂದ 'ನೀರುಗಂಟಿ.' ತಂತಿ ಹೊತ್ತು ಮಾಡಿನಿಂದ ಮರಕ್ಕೆ, ಮರದಿಂದ ಮಾಡಿಗೆ ದಾಟುವ ಕಾರಣ 'ಕೊನೆಗೌಡ.' ಅಡಕೆ ತೋಟವಿಲ್ಲದ ಓದುಗರಿಗಾಗಿ ಹೇಳುತ್ತೇನೆ: ಮರ ಹತ್ತಿ ಕೊನೆ ಇಳಿಸುವವನು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವನು ಕೊನೆಗೌಡ. ಅವನು ಬಾರದಿದ್ದರೆ ನೂರು ಚೀಲದ ಸಾಹುಕಾರನೂ ಕೆಳಗೆ ನಿಂತು ಬಾಯಿ ಬಿಡುತ್ತಾನೆ.

'ಶಾನುಭೋಗ' ಎಂಬುದನ್ನೂ ಬರೆದು ಹೊಡೆದುಹಾಕಿದೆ. ಶಾಸನಗಳ ಸೇನಬೋವನೇ ಕಾಲಾಂತರದಲ್ಲಿ ಶಾನುಭೋಗನಾದ. 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ಆ ವಂಶಪಾರಂಪರ್ಯದ ಅಧಿಕಾರ ಕೊನೆಗೊಂಡಿತು. ಅವನ ಜಾಗಕ್ಕೆ ಗ್ರಾಮಲೆಕ್ಕಿಗ ಬಂದ, ಈಗ ಅವನೂ ಗ್ರಾಮ ಆಡಳಿತಾಧಿಕಾರಿಯಾಗಿದ್ದಾನೆ. ಪಹಣಿ ಮಾತ್ರ ಪಹಣಿಯಾಗಿಯೇ ಉಳಿದಿದೆ. ಹೆಸರು ಬದಲಾಯಿಸುವುದರಲ್ಲಿ ನಮ್ಮ ಸೀಮೆ ಹಿಂದುಳಿದದ್ದಲ್ಲವೆಂಬುದಕ್ಕೆ ಬಿದನೂರೇ ಸಾಕ್ಷಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರವೆಂದ. ಮುಂದೆ ಹೈದರ ಹೋಗಿ ನಗರವಷ್ಟೇ ಉಳಿಯಿತು. ಇಂದು ಅಲ್ಲಿಗೆ ಹೋದರೆ ಎಲ್ಲವೂ ಇದೆ, ನಗರವೊಂದಿಲ್ಲ.

'ಗಣಕ' ಎಂದಿಟ್ಟರೆ ಹೇಗೆಂದೂ ಯೋಚಿಸಿದೆ. ಅಲ್ಲೊಂದು ವಿಚಿತ್ರ ಕಾಣಿಸಿತು. ಹಿಂದೆ ಗಣಕನೆಂದರೆ ಲೆಕ್ಕ ಹಾಕುವ ಮನುಷ್ಯ. ಇಂಗ್ಲಿಷಿನ ಕಂಪ್ಯೂಟರನೂ ಹಾಗೆಯೇ. ಮೊದಲು ಅದು ಕುಳಿತು ಲೆಕ್ಕ ಮಾಡುವ ಜನರ ಉದ್ಯೋಗದ ಹೆಸರಾಗಿತ್ತು. ಯಂತ್ರ ಬಂದು ಮನುಷ್ಯನ ಕೆಲಸವನ್ನಷ್ಟೇ ಅಲ್ಲ, ಹೆಸರನ್ನೂ ಕಸಿದುಕೊಂಡಿತು. ಈಗ ಆ ಯಂತ್ರವನ್ನು ಸಾಕುವವನಿಗೆ ಹೆಸರಿಲ್ಲ.

ನನಗೆ ಅತ್ಯಂತ ಪ್ರಿಯವಾದ ಬಿರುದು 'ಚೌಡಿ ಪೂಜಾರಿ.' ಕಂಪ್ಯೂಟರಿನೊಳಗೆ ಯಾರ ಕಣ್ಣಿಗೂ ಬೀಳದೆ ಹಗಲಿರುಳು ಕೆಲಸ ಮಾಡುವ ಕೆಲವು ಕ್ರಮವಿಧಿಗಳಿಗೆ 'ಡೀಮನ್' ಎಂದು ಹೆಸರಂತೆ, ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಪಂಡಿತರು 1963ರ ಸುಮಾರಿಗೆ, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ ಒಂದು ಭೂತದ ನೆನಪಿನಲ್ಲಿ ಇಟ್ಟ ಹೆಸರು. ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತೋಟದ ಅಂಚಿನಲ್ಲೂ ಒಂದು ಚೌಡಿಯ ಕಲ್ಲಿದೆ, ಒಬ್ಬ ಭೂತಪ್ಪನಿದ್ದಾನೆ. ವರುಷವೆಲ್ಲ ಅವರು ಕಾಯುತ್ತಾರೆ. ವರುಷಕ್ಕೊಮ್ಮೆ ನಾವು ಹಣ್ಣುಕಾಯಿ ಮಾಡುತ್ತೇವೆ. ಮರೆತರೆ ದನ ತಪ್ಪಿಸಿಕೊಳ್ಳುತ್ತದೆ, ಪಂಪು ಕೆಡುತ್ತದೆ. ಅಮೆರಿಕದವರೂ ಈ ತತ್ತ್ವವನ್ನು ಕಂಡುಕೊಂಡಿದ್ದಾರೆ. ಟೆಡ್ ಕೆಕಟೋಸ್ ಎಂಬೊಬ್ಬ ಗಣಕಪಾಲಕ 2000ದಲ್ಲಿ ಜುಲೈ ತಿಂಗಳ ಕೊನೆಯ ಶುಕ್ರವಾರವನ್ನು ತನ್ನಂಥವರನ್ನು ನೆನೆಯುವ ದಿನವೆಂದು ಗೊತ್ತುಮಾಡಿದ. ಅದು ಇಂದಿಗೂ ಆಚರಣೆಯಲ್ಲಿದೆ.

ಈ ಪಟ್ಟಿಯನ್ನು ಅಧ್ಯಾಪಕರ ಕೊಠಡಿಯಲ್ಲಿ ರಾಗವಾಗಿ ಓದಿದೆ. ಹೊಟ್ಟೆ ಹುಣ್ಣಾಗುವಂತೆ ಎಲ್ಲರೂ ನಕ್ಕರು. ಓದಿ ಮುಗಿಸಿ ತಿರುಗಿ ನೋಡುತ್ತೇನೆ, ನನ್ನ ಬೆನ್ನ ಹಿಂದೆಯೇ ಏಣಿಯ ಮೇಲೆ ನಿಂತು ಮಿತ್ರರು ತಂತಿಯನ್ನು ಗೋಡೆಗೆ ಬಿಗಿಯುತ್ತಿದ್ದಾರೆ! ಅವರೂ ನಕ್ಕರು. ಮಧ್ಯಾಹ್ನ ಕಾಫಿಯ ಹೊತ್ತಿಗೆ ಮೆಲ್ಲನೆ ಬಳಿಗೆ ಬಂದು ಕೇಳಿದರು:

"ಚೆನ್ನಾಗಿತ್ತು ಮೇಷ್ಟ್ರೇ. ಒಂದು ಕೇಳಲಾ? ಅದರಲ್ಲಿ ಯಾವುದನ್ನು ಅರ್ಜಿಯಲ್ಲಿ ಬರೀಬಹುದು?"

"ಯಾವ ಅರ್ಜಿ?"

"ಕಾಯಂ ಕೆಲಸ ಒಂದುಂಟು, ಶಿವಮೊಗ್ಗದಲ್ಲಿ. ಅನುಭವದ ಪತ್ರ ಕೇಳ್ತಾರೆ. ಏಜೆನ್ಸಿಯ ದಾಖಲೆಯಲ್ಲಿ ನಾನು 'ಹೆಲ್ಪರ್.' ಎಂಟು ವರ್ಷದಿಂದಲೂ ಹೆಲ್ಪರ್. ಹೆಲ್ಪರಿಗೆ ಸರ್ವರಿನ ಅನುಭವ ಹೇಗೆ ಬಂತು ಅಂತ ಹೋದ ಸಲ ವಾಪಸು ಕಳಿಸಿದ್ರು."

ನನ್ನ ಕಾಫಿ ಆರಿಹೋಯಿತು. ಏನಾದರೂ ಮಾಡೋಣವೆಂದೆ. ಹಾಗೆಂದು ಹೇಳಿ ಏನನ್ನೂ ಮಾಡದಿರುವುದು ಅಧ್ಯಾಪಕ ವೃತ್ತಿಯ ಹಳೆಯ ಸಂಪ್ರದಾಯ.

ಜುಲೈ ಬಂದಿತು. ಆಗುಂಬೆಯಲ್ಲಿ ವರುಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯ ಪಾಲು ನಮಗೂ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, ನಮ್ಮ ಸೀಮೆಯ ಎಷ್ಟೋ ಊರುಗಳು ಶರಾವತಿಯ ನೀರಿನಡಿ ಸೇರಿ, ನಾಡಿಗೆಲ್ಲ ಬೆಳಕಾಯಿತು. ನಮ್ಮಲ್ಲಿ ಮಾತ್ರ ಇಂದಿಗೂ ಆಷಾಢದ ಗಾಳಿಗೆ ಒಂದು ಮರ ಉರುಳಿದರೆ ಸೀಮೆಯೆಲ್ಲ ಕತ್ತಲು. ಅಂಥದೇ ಒಂದು ಶುಕ್ರವಾರ, ವಿದ್ಯಾರ್ಥಿಗಳ ಆಂತರಿಕ ಅಂಕಗಳನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಲು ಕೊನೆಯ ದಿನ. ನಡುರಾತ್ರಿಗೆ ಬಾಗಿಲು ಮುಚ್ಚುತ್ತದೆ. ನಾವೆಲ್ಲ ಕೊನೆಯ ದಿನಕ್ಕಾಗಿಯೇ ಕಾದಿದ್ದವರು. ಮಧ್ಯಾಹ್ನ ಒಂದು ಸಿಡಿಲು ಬಡಿಯಿತು. ಗೂಡಿನೊಳಗಿನ ಪೆಟ್ಟಿಗೆಯಿಂದ ಹೊಗೆ ಎದ್ದಿತು.

ಅಂದು ಅವರಿಗೆ ತೀರ್ಥಹಳ್ಳಿಯ ಪಾಳಿ. ಫೋನು ಹತ್ತಲಿಲ್ಲ. ಐದು ಗಂಟೆಗೆ ಹೇಗೋ ಸಿಕ್ಕಿದರು, "ಬಂದೆ" ಎಂದರು. ರಾತ್ರಿ ಎಂಟೂವರೆಗೆ ಆ ಮಳೆಯಲ್ಲಿ ಬೈಕಿನ ಸದ್ದು ಕೇಳಿಸಿತು. ತೊಯ್ದ ಅಂಗಿಯಲ್ಲೇ ಟಾರ್ಚು ಹಿಡಿದು ಮಾಡು ಹತ್ತಿದರು. ಸುಟ್ಟ ಪೆಟ್ಟಿಗೆಯನ್ನು ಬದಿಗಿಟ್ಟು ಹಳೆಯದೊಂದನ್ನು ಜೋಡಿಸಿದರು. ಆದರೂ ಬರಲೊಲ್ಲದು. ಹುಡುಕುತ್ತ ಹೋದರೆ ಅಟ್ಟದ ಮೇಲೆ ಇಲಿ ತಂತಿಯನ್ನು ಕಡಿದಿತ್ತು. ಅದನ್ನು ಬೆಸೆದು, ಜನರೇಟರಿನ ಎಣ್ಣೆ ಮುಗಿಯುತ್ತಲೂ ತಮ್ಮ ಬೈಕಿನಿಂದಲೇ ಪೆಟ್ರೋಲು ಬಸಿದು ಕೊಟ್ಟರು. ಹನ್ನೊಂದು ಗಂಟೆ ಐವತ್ತು ನಿಮಿಷಕ್ಕೆ ಕೊನೆಯ ವಿದ್ಯಾರ್ಥಿನಿಯ ಅಂಕ ಹೋಯಿತು. ಅವಳು ನನ್ನ ತರಗತಿಯವಳೇ. ತೋಟದ ಕೆಲಸಕ್ಕೆ ಹೋಗುವ ತಾಯಿಯ ಮಗಳು. ವಿದ್ಯಾರ್ಥಿವೇತನ ಆ ಅಂಕಗಳ ಮೇಲೆಯೇ ನಿಂತಿತ್ತು. ಬೈಕಿನಲ್ಲಿ ಎಣ್ಣೆಯಿಲ್ಲದ್ದರಿಂದ ಅವರು ಅಂದು ನಮ್ಮ ಮನೆಯಲ್ಲಿಯೇ ಮಲಗಿದರು.

ಸೋಮವಾರ ಫಲಕದ ಮೇಲೆ ಪ್ರಕಟಣೆ ಬಂದಿತು: 'ಪ್ರತಿಕೂಲ ಹವಾಮಾನದಲ್ಲಿಯೂ ಆಂತರಿಕ ಅಂಕಗಳನ್ನು ಸಕಾಲದಲ್ಲಿ ಕಳುಹಿಸಲಾಯಿತು. ಬೋಧಕವರ್ಗಕ್ಕೆ ಅಭಿನಂದನೆಗಳು.'

ಹದಿಮೂರು ವರ್ಷಗಳಿಂದ ನಾನು ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳನ್ನು ಪಾಠ ಮಾಡುತ್ತಿದ್ದೇನೆ. ಕರ್ಮಣಿಯ ನಿಜವಾದ ಉಪಯೋಗ ನನಗೆ ತಿಳಿದದ್ದು ಅಂದು. 'ಕಳುಹಿಸಲಾಯಿತು.' ಯಾರಿಂದ? ವ್ಯಾಕರಣಕ್ಕೆ ಅದು ಬೇಕಾಗಿಲ್ಲ. ಮಳೆಯಲ್ಲಿ ಬಂದ ಒಬ್ಬ ಮನುಷ್ಯ ಒಂದು ಪ್ರತ್ಯಯದೊಳಗೆ ಮುಳುಗಿಹೋದ.

ಕೆಳದಿಯ ಅರಸರಿಗೆ ಇದ್ದ ಇನ್ನೊಂದು ಬಿರುದು ಆಗ ನೆನಪಾಯಿತು: 'ಎಡವ ಮುರಾರಿ.' ಐತಿಹ್ಯದಂತೆ ಯಾದವ, ಮುರಾರಿ ಎಂಬ ಇಬ್ಬರು ಆಳುಗಳು ಒಡೆಯನಿಗೆ ನಿಧಿ ದೊರೆಯಲೆಂದು ತಮ್ಮನ್ನೇ ಬಲಿಗೊಟ್ಟರು. ತಮ್ಮ ಹೆಸರು ಉಳಿಯಬೇಕೆಂಬುದೊಂದೇ ಅವರ ಬೇಡಿಕೆ. ಅರಸರು ಆ ಹೆಸರುಗಳನ್ನೇ ತಮ್ಮ ಬಿರುದಾಗಿ ಹೊತ್ತರು. ಬಲಿಯ ಮಾತು ಎದೆ ನಡುಗಿಸುವಂಥದು, ನಿಜ. ಆದರೂ ಆ ಅರಸರು ಆಳಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ನಾನೋ, ಆಳಿನ ಹೆಸರನ್ನು ಅಳಿಸಿ ತಮಾಷೆಯ ಬಿರುದುಗಳನ್ನು ಹೊಸೆದವನು.

ಅಂದೇ ಕುಳಿತು ಒಂದು ಪತ್ರ ಬರೆದೆ. ಬಿರುದಿಲ್ಲ, ವಿಶೇಷಣವಿಲ್ಲ, ಬರಿಯ ಕರ್ತರಿ ವಾಕ್ಯಗಳು. 'ಇವರು ಎಂಟು ವರ್ಷಗಳಿಂದ ನಮ್ಮ ಕಾಲೇಜಿನ ಸರ್ವರನ್ನು ನಡೆಸಿದ್ದಾರೆ. ನಲವತ್ತು ಕಂಪ್ಯೂಟರುಗಳನ್ನು ಜೋಡಿಸಿದ್ದಾರೆ. ಕೆಟ್ಟುದನ್ನು ರಿಪೇರಿ ಮಾಡಿದ್ದಾರೆ. ಮಾಹಿತಿಯನ್ನು ಕಾಪಾಡಿದ್ದಾರೆ.' ಪ್ರಿನ್ಸಿಪಾಲರು ಎರಡು ಸಲ ಓದಿದರು. "ಹುದ್ದೆಯ ಹೆಸರು ಕೊಡಲು ನನಗೆ ಅಧಿಕಾರವಿಲ್ಲ" ಎಂದರು. "ಮಾಡಿದ ಕೆಲಸವನ್ನು ಮಾಡಿದ್ದಾರೆ ಎನ್ನಲು ಅಧಿಕಾರ ಬೇಕೇ ಸಾರ್?" ಎಂದೆ. ಅವರು ಕಿಟಕಿಯಾಚೆಯ ಮಳೆಯನ್ನು ಸ್ವಲ್ಪ ಹೊತ್ತು ನೋಡಿ, ಸಹಿ ಮಾಡಿ, ಮೊಹರು ಒತ್ತಿದರು.

ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಗೂಡಿನ ಬಾಗಿಲಿಗೆ ಫಲಕವೂ ಆಗಿದೆ. ಅದರ ಮೇಲಿರುವುದು ಅವರ ತಾಯಿತಂದೆಗಳು ಇಟ್ಟ ಹೆಸರು, ಅಷ್ಟೇ. ಆ ಪತ್ರವನ್ನು ಅವರ ಕೈಗೆ ಕೊಟ್ಟಾಗ ಅವರು ಧನ್ಯವಾದವನ್ನೇನೂ ಹೇಳಲಿಲ್ಲ. ನೇರವಾಗಿ ಹೋಗಿ ಮೂರು ನಕಲು ತೆಗೆದು, ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು, ಇನ್ನೊಂದನ್ನು ಕಂಪ್ಯೂಟರಿನೊಳಗೆ ಸೇರಿಸಿ, ಮೂರನೆಯದನ್ನು ನನ್ನ ಮುಂದೆ ಹಿಡಿದರು.

"ಇದು ನಿಮ್ಮ ಹತ್ತಿರ ಇರಲಿ ಮೇಷ್ಟ್ರೇ."

"ನನ್ನ ಹತ್ತಿರ ಏಕೆ?"

"ಒಂದೇ ಕಡೆ ಇದ್ದದ್ದು ಇಲ್ಲದ ಹಾಗೇ ಅಂತ ನಮ್ಮ ಕಸುಬಿನಲ್ಲಿ ಒಂದು ಮಾತುಂಟು" ಎಂದು ಹೇಳಿ, ಮುರಿದ ಕೊಡೆಯನ್ನು ಬಿಚ್ಚಿ, ಸರ್ವರ್ ಮಹಾಶಯರು ಮಳೆಗೆ ಇಳಿದರು.